ಅಹ್ಮದ್ ಸಾಬರ ಒಲಿಂಪಿಕ್ಸ್ ವ್ಯಾಪಾರ

ವ್ಯಾಪಾರ ಮಾಡಲು ಬಾರದ ವ್ಯಾಪಾರಿಯನ್ನು ನೋಡಬೇಕೆಂದರೆ ನೀವು ದೂರ ಹೋಗಬೇಕಾಗಿಲ್ಲ. ಕೊಪ್ಪದಿಂದ ಬಾಳಗಡಿಗೆ ಬನ್ನಿ. ಕಾಲೇಜು ದಾಟಿದ ಮೇಲೆ ಬಲಕ್ಕೆ ತಗಡಿನ ಶೆಡ್ಡೊಂದಿದೆ. ಅದರ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರುವವರೇ ಅಹ್ಮದ್ ಸಾಬರು. ಒಳಗೆ ಅಡಿಕೆ ಹಾಳೆಯಿಂದ ಊಟದ ತಟ್ಟೆ ಒತ್ತುವ ಯೂನಿಟ್. ಶೆಡ್ಡು ನನ್ನದು, ಮಿಷನ್ನು ಅವರದು, ತಲೆನೋವು ಇಬ್ಬರದೂ ಎಂದು ಮಾತಾಗಿತ್ತು. ತಲೆನೋವು ಮಾತ್ರ ಪೂರ್ತಿ ನನ್ನ ಪಾಲಿಗೇ ಬಂದಿದೆ.

ನಾನು ಸೋಮಶೇಖರಪ್ಪ, ನರಸಿಂಹರಾಜಪುರದ ಕಡೆಯವನು. ಮೂಗಿನ ತುದಿಯಲ್ಲೇ ಸಿಟ್ಟು ಎಂದು ನನ್ನ ಬಗ್ಗೆ ಜನ ಹೇಳುತ್ತಾರೆ. ಹೇಳುವವರು ಒಂದು ವಾರ ಅಹ್ಮದ್ ಸಾಬರ ಜೊತೆ ಪಾಲುದಾರಿಕೆ ಮಾಡಿ ನೋಡಲಿ, ಆಮೇಲೆ ಮಾತಾಡೋಣ.

ಸಾಬರಿಗೆ ಒಂದು ಚಾಳಿ. ಗಿರಾಕಿ ಬಂದು ನಿಂತ ಕೂಡಲೇ ಮಾಲಿನ ದೋಷವನ್ನು ಮೊದಲು ಹೇಳಿಬಿಡಬೇಕು. ಅವರ ತಂದೆ ಕೊಪ್ಪದ ಸಂತೆಯಲ್ಲಿ ಕೊಡೆ ರಿಪೇರಿ ಮಾಡುತ್ತಿದ್ದರಂತೆ, ‘ಈ ಕಡ್ಡಿ ಇನ್ನೊಂದು ಮಳೆಗಾಲ ತಡೆಯಲ್ಲ’ ಎಂದು ಹೇಳಿಯೇ ಕೈಗೆ ಕೊಡೆ ಕೊಡುತ್ತಿದ್ದರಂತೆ. ದೋಷ ಮುಚ್ಚಿಟ್ಟು ಮಾರಿದ ದುಡ್ಡು ಮನೆಯೊಳಗೆ ಬರಕೂಡದು ಎಂಬುದು ಅವರ ಮನೆತನದ ಪದ್ಧತಿ. ಪದ್ಧತಿಯೇನೋ ದೊಡ್ಡದೇ. ಆದರೆ ಅಡ್ಡಗದ್ದೆಯ ಒಬ್ಬರು ಮಗಳ ಮದುವೆಗೆ ತಟ್ಟೆ ಕೇಳಲು ಬಂದಾಗ ನಡೆದದ್ದನ್ನು ಕೇಳಿ.

“ತಟ್ಟೆ ಕೊಡ್ತೀನಿ. ಆದ್ರೆ ಬಿಸಿ ಸಾರು ಹಾಕ್ಕೊಂಡು ಮಾತಾಡ್ತಾ ಕೂತ್ರೆ ಅಡಿ ಮೆತ್ತಗಾಗ್ತದೆ. ನಿಮ್ಮ ಬೀಗರು ಮಾತು ಜಾಸ್ತಿಯವರಾ?” ಎಂದು ಸಾಬರು ಕೇಳಿದರು.

“ಸ್ವಲ್ಪ ಜಾಸ್ತಿನೇ” ಎಂದರು ಆ ಮನುಷ್ಯ, ಯೋಚನೆಗೆ ಬಿದ್ದು.

“ಹಂಗಾದ್ರೆ ಬಾಳೆ ಎಲೆನೇ ಹಾಕ್ಸಿ ಮಾರಾಯ್ರೇ.”

ನಾನು ಒಳಗಿನಿಂದ ಓಡಿ ಬರುವಷ್ಟರಲ್ಲಿ ಗಿರಾಕಿ ಜೀಪು ಹತ್ತಿಯಾಗಿತ್ತು. ಮಂಗಳೂರಿನ ದೊಡ್ಡ ಅಂಗಡಿಯವರು ಬಂದಾಗಲಂತೂ ಅವರನ್ನು ಕೈಹಿಡಿದು ಗೋಡೌನಿನ ಹಿಂದಕ್ಕೆ ಕರೆದುಕೊಂಡು ಹೋಗಿ, ಮಳೆಗಾಲದಲ್ಲಿ ಬೂಷ್ಟು ಹಿಡಿದ ಕಟ್ಟುಗಳನ್ನೇ ಮೊದಲು ತೋರಿಸಿದರು. ಬಂದವರು ಟೀ ಕುಡಿದು, ಥ್ಯಾಂಕ್ಸ್ ಹೇಳಿ ಹೋದವರು ತಿರುಗಿ ಫೋನು ಸಹ ಮಾಡಲಿಲ್ಲ.

ಹೀಗೆ ಗಿರಾಕಿಗಳೆಲ್ಲ ಕೈತಪ್ಪಿ, ಯೂನಿಟ್ ಮುಚ್ಚುವ ಸ್ಥಿತಿಗೆ ಬಂತು. ಬೇಸಿಗೆಯೊಳಗೆ ಒಂದು ದೊಡ್ಡ ಆರ್ಡರ್ ಬರದಿದ್ದರೆ ಬಾಗಿಲು ಹಾಕುವುದೇ ಎಂದು ನಾನು ಖಡಾಖಂಡಿತವಾಗಿ ಹೇಳಿದೆ. ಸಾಬರು ಒಳಗೆ ಪ್ರೆಸ್ ಮಿಷನ್ನಿನ ಮುಂದೆ ನಿಂತಿದ್ದ ನಾಹಿದಾಳ ಕಡೆ ನೋಡಿದರು. ಗಂಡ ತೀರಿಕೊಂಡ ಮೇಲೆ ನಾಹಿದಾ ಬಸರೀಕಟ್ಟೆ ಕಡೆಯ ಕಾಫಿ ಎಸ್ಟೇಟಿಗೆ ದಿನಾ ಜೀಪಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿ ಇಳಿಜಾರಿನಲ್ಲಿ ಜಾರಿಬಿದ್ದು ಮೊಣಕಾಲು ಹಾಳಾಯಿತು. ಆಮೇಲೆ ನಮ್ಮಲ್ಲಿಗೆ ಬಂದಳು. ಅವಳನ್ನು ಸೇರಿಸಿಕೊಂಡ ದಿನವೇ ಸಾಬರು, “ನೀನು ಇನ್ನು ಗುಡ್ಡ ಹತ್ತೋದು ಬೇಡಮ್ಮ, ನಾನಿದ್ದೀನಿ” ಎಂದು ಮಾತು ಕೊಟ್ಟಿದ್ದರು.

ಅಷ್ಟರಲ್ಲಿ ನನ್ನ ಅಕ್ಕನ ಮಗಳು ಸುಮನಾ ಫೋನ್ ಮಾಡಿದಳು. ಅವಳು ಮಂಗಳೂರಿನಲ್ಲಿದ್ದುಕೊಂಡು ತೆಂಗಿನ ನಾರು, ಹಾಳೆ ತಟ್ಟೆ ಇಂಥದ್ದನ್ನೆಲ್ಲ ಹೊರದೇಶಕ್ಕೆ ಕಳಿಸುವ ವ್ಯವಹಾರ ಮಾಡುತ್ತಾಳೆ. ಇಟಲಿಯಲ್ಲಿ ಫ್ರಾಂಕಾ ಎಂಬ ಹೆಂಗಸಿದ್ದಾರಂತೆ, ಹಿಮದ ಬೆಟ್ಟಗಳ ಮೇಲಿನ ಆಟದ ಜಾಗಗಳಲ್ಲಿ ಊಟದ ಕ್ಯಾಂಟೀನ್ ನಡೆಸುತ್ತಾರಂತೆ, ಪ್ಲಾಸ್ಟಿಕ್ ಬಿಟ್ಟು ಎಲೆ ತಟ್ಟೆ ಬೇಕಂತೆ.

“ಫೆಬ್ರವರಿಲಿ ಅಲ್ಲಿ ಚಳಿಗಾಲದ ಒಲಿಂಪಿಕ್ಸ್ ಇದೆ ಮಾವ. ಅವ್ರು ಆ ಬೆಟ್ಟ ಬಿಟ್ಟು ಅಲ್ಲಾಡಲ್ಲ. ತಟ್ಟೆ ಮಾಡೋರನ್ನೇ ನೋಡ್ಬೇಕು ಅಂತಾರೆ. ನೀನು, ಅಹ್ಮದ್ ಅಂಕಲ್ ಇಬ್ರೂ ಬನ್ನಿ. ಆಟ ನೋಡಕ್ಕೆ ಪಾಸೂ ಕೊಡ್ತಾರೆ” ಎಂದಳು.

ಸುದ್ದಿ ಕೊಪ್ಪಕ್ಕೆ ತಲುಪಲು ಹೊತ್ತು ಬೇಕಾಗಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಹೋಟೆಲಿಟ್ಟಿರುವ ಲಕ್ಷ್ಮೀಶ, ನಾವು ಕಾಫಿಗೆ ಹೋದಾಗ ಗಲ್ಲಾ ಬಿಟ್ಟು ಎದ್ದು ಬಂದ.

“ಒಲಿಂಪಿಕ್ಸಾ ಮಾರಾಯ್ರೇ? ಯಾವ ಆಟಕ್ಕೆ ಸೆಲೆಕ್ಟ್ ಆದ್ರಿ ಇಬ್ರೂ?”

“ಸೋಮಣ್ಣ ಕುಸ್ತಿಗೆ. ನಾನು ಬಿಡ್ಸಕ್ಕೆ” ಎಂದರು ಸಾಬರು.

ಹೊರಡುವ ದಿನ ಅವರ ಹೆಂಡತಿ ಅಮೀರುನ್ನೀಸಾ ಮಾಡಿದ ಪ್ಯಾಕಿಂಗ್ ನೋಡಿ ನನಗೆ ತಲೆ ತಿರುಗಿತು. ಸ್ವೆಟರ್ ಮೇಲೆ ಸ್ವೆಟರ್, ಮಂಕಿ ಟೋಪಿ, ಒಣಶುಂಠಿ ಪುಡಿ, ತೆಂಗಿನೆಣ್ಣೆ, ಒಂದು ಸ್ಟೀಲ್ ತಟ್ಟೆ. ಎಲ್ಲದರ ಮೇಲೆ ಒಂದು ಡಬ್ಬಿ ಲೋಬಾನ. ಪ್ರತಿ ಗುರುವಾರ ಸಂಜೆ ಕೆಂಡದ ಮೇಲೆ ಲೋಬಾನ ಹಾಕಿ ಯೂನಿಟ್ಟಿನ ಮೂಲೆ ಮೂಲೆಗೆ ಹೊಗೆ ಕೊಡುವುದು ಅವರ ಮನೆಯ ರೂಢಿ. “ನಡುವೆ ಒಂದು ಗುರುವಾರ ಬತ್ತದಲ್ಲ ಸೋಮಣ್ಣ” ಎಂದರು ಆಕೆ. ಅದು ಒಳ್ಳೆಯ ವಾಸನೆ, ಇರಲಿ ಬಿಡಿ ಎಂದು ನಾನೂ ಸುಮ್ಮನಾದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ವಿಮಾನ ನಿಲ್ದಾಣದಲ್ಲಿ ನಾನು ಸಾಬರಿಂದ ಆಣೆ ಮಾಡಿಸಿಕೊಂಡೆ. “ಅಲ್ಲಿ ನೀವು ಬಾಯಿ ಬಿಡಕೂಡದು. ದೋಷಗೀಷ ಅಂತ ಒಂದು ಶಬ್ದ ಹೊರಗೆ ಬಂದ್ರೆ ನಾನು ನಿಮ್ಮನ್ನ ಅಲ್ಲೇ ಬಿಟ್ಟು ಬರ್ತೀನಿ.”

“ಸಲಾಂ ಹೇಳ್ಬಹುದಾ?”

“ಸಲಾಂ ಹೇಳಿ. ಅಷ್ಟೇ.”

“ಕೇಳಿದ್ರೆ?”

“ಕೇಳಿದ್ರೆ ನಗ್ರಿ!”

ಸಾಬರು ಅಲ್ಲಿಯೇ ನಗುವ ಅಭ್ಯಾಸ ಶುರು ಮಾಡಿದರು. ಪಕ್ಕದಲ್ಲಿ ಕೂತಿದ್ದ ಹೆಂಗಸು ಎದ್ದು ಬೇರೆ ಕುರ್ಚಿಗೆ ಹೋದಳು.

ಇಟಲಿಯ ಆ ಊರು ಬೆಟ್ಟಗಳ ಮಧ್ಯೆ ಇತ್ತು. ಹೋಟೆಲಿನ ಮುಂದೆ ಬಸ್ಸಿಳಿದಾಗ ಎಲ್ಲಿ ನೋಡಿದರೂ ಬಿಳಿ. ಮನೆ, ಮರ, ಕಾರು, ಬೇಲಿ, ಎಲ್ಲದರ ಮೇಲೂ ಹಿಮ. ನನಗೆ ನಿಜವಾಗಿ ಕಣ್ತುಂಬಿ ಬಂತು, ಇಷ್ಟು ಚೆಂದದ್ದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಸಾಬರು ಮಾತ್ರ ಮಂಕಿ ಟೋಪಿಯೊಳಗಿಂದ ಆ ಕಡೆ ಈ ಕಡೆ ನೋಡಿ, ತಟ್ಟೆಯ ಸ್ಯಾಂಪಲ್ ತುಂಬಿದ್ದ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡರು.

“ಇಷ್ಟೂ ನೀರು ಮಾರಾಯ್ರೇ! ಹರಿದೂ ಹೋಗಲ್ಲ, ಇಂಗೋದೂ ಇಲ್ಲ, ಹಂಗೇ ಕೂತದೆ. ನಮ್ಮ ತಟ್ಟೆಗೆ ಬೂಷ್ಟು ಬಂತು ಅಂತ್ಲೇ ತಿಳ್ಕೊಳ್ಳಿ” ಎಂದರು.

ಬೂಷ್ಟಿನ ಭಯ ನಮ್ಮ ಕಡೆಯವರಿಗೆ ಮಾತ್ರ ಅರ್ಥವಾಗುವ ಭಯ. ಆಷಾಢದಲ್ಲಿ ಅದು ಬೆಲ್ಟಿಗೆ ಬರುತ್ತದೆ, ಚಪ್ಪಲಿಗೆ ಬರುತ್ತದೆ, ಮದುವೆಯ ಆಲ್ಬಮ್ಮಿಗೆ ಬರುತ್ತದೆ. ಹಾಳೆ ತಟ್ಟೆಗೆ ಬಂದರೆ ಮಾಲು ಗುಂಡಿಗೆ ಹಾಕುವುದೇ. ಆದರೆ ಆ ಹೋಟೆಲಿನ ಕೋಣೆಯಲ್ಲಿ ಹೀಟರ್ ಹಾಕಿ ಹಾಕಿ ನನ್ನ ತುಟಿಯೇ ಒಡೆದುಹೋಗಿತ್ತು. ಇಲ್ಲಿ ಹಪ್ಪಳವನ್ನೂ ಒಣಗಿಸಬಹುದು ಸಾಬ್ರೇ ಎಂದೆ. ಅವರು ಕಿಟಕಿ ತೆಗೆದು ಒಂದು ಹಿಡಿ ಹಿಮ ತಂದು ಸ್ಟೀಲ್ ತಟ್ಟೆಯಲ್ಲಿಟ್ಟರು. ಅದು ಕರಗಿದ ಮೇಲೆ ತಟ್ಟೆಯನ್ನು ನನ್ನ ಮೂಗಿನ ಕೆಳಗೆ ಹಿಡಿದು, “ನೋಡಿ. ನೀರಲ್ವಾ?” ಎಂದರು.

ಮೀಟಿಂಗ್ ಶುಕ್ರವಾರಕ್ಕೆ ಇತ್ತು. ಗುರುವಾರ ಹಗಲು ಸುಮನಾ ನಮ್ಮನ್ನು ಹಿಮದ ಮೇಲೆ ಜಾರಿಕೊಂಡು ಇಳಿಯುವ ಸ್ಪರ್ಧೆಗೆ ಕರೆದುಕೊಂಡು ಹೋದಳು. ಆಟಗಾರರು ಕಾಲಿಗೆ ಉದ್ದ ಪಟ್ಟಿ ಕಟ್ಟಿಕೊಂಡು, ಗುಡ್ಡದ ನೆತ್ತಿಯಿಂದ ನೆಟ್ಟ ಕೋಲುಗಳ ನಡುವೆ ಓಲಾಡುತ್ತಾ ಬರುತ್ತಿದ್ದರು. ಜನ ಸೇರಿದ ಕಡೆಯಿಂದ ಗಂಟೆಯ ಸದ್ದು ಕೇಳುತ್ತಿತ್ತು. ದನದ ಕೊರಳಿನ ಗಂಟೆಯದೇ ಸದ್ದು. ಸಾಬರು ಆಟ ಬಿಟ್ಟು ಹಿಂದೆ ಮುಂದೆ ಹುಡುಕತೊಡಗಿದರು.

“ಎಂತ ಜನ ಇವ್ರು! ಈ ಚಳೀಲಿ ದನಾನ ಹೊರಗೆ ಕಟ್ಟಿದಾರಲ್ಲ ಸೋಮಣ್ಣ!”

ಪಕ್ಕದಲ್ಲಿದ್ದ ಮುದುಕರೊಬ್ಬರು ಕೋಟಿನೊಳಗಿಂದ ಒಂದು ದೊಡ್ಡ ಗಂಟೆ ತೆಗೆದು ಬಡಿದಾಗ ವಿಷಯ ಗೊತ್ತಾಯಿತು. ಅಲ್ಲಿ ಚಪ್ಪಾಳೆಯ ಬದಲು ದನದ ಗಂಟೆ ಬಾರಿಸುವುದಂತೆ. ಸಾಬರಿಗೆ ಇದು ಬಹಳ ಹಿಡಿಸಿತು. ಮುದುಕರಿಂದ ಗಂಟೆ ಕೇಳಿ ಪಡೆದುಕೊಂಡು ಬಾರಿಸಲು ನಿಂತರು. ಗೆದ್ದವರಿಗೆ ಒಂದೆರಡು ಸಲ ಬಾರಿಸಿದರು. ಬಿದ್ದವರಿಗೆ, “ಯಾ ಅಲ್ಲಾ, ಏಳಮ್ಮ, ಏಳು, ಎಂತ ಆಗಿಲ್ಲ” ಎಂದು ಕೂಗುತ್ತಾ ಅವರು ಎದ್ದು ನಿಲ್ಲುವ ತನಕ ಬಿಡದೆ ಬಾರಿಸಿದರು. ಬಿದ್ದು ಎದ್ದು ಕುಂಟುತ್ತಾ ಕೆಳಗೆ ಬಂದ ಹುಡುಗಿಯೊಬ್ಬಳು ನಮ್ಮ ಕಡೆ ತಿರುಗಿ ಕೈಬೀಸಿದಳು. ಸಾಬರು ಕಣ್ಣೊರೆಸಿಕೊಂಡು, “ಮೊಣಕಾಲು ನೋಡ್ಕೋಬೇಕು ಅವ್ಳು” ಎಂದರು. ಯಾರ ಮೊಣಕಾಲು ಅವರ ತಲೆಯಲ್ಲಿದೆ ಎಂದು ನನಗೆ ಗೊತ್ತಾಯಿತು.

ಸಂಜೆ ಹೋಟೆಲಿಗೆ ಬಂದ ಮೇಲೆ ನಾನು ಸ್ನಾನಕ್ಕೆ ಹೋದೆ. ಬಿಸಿನೀರಿನ ಕೆಳಗೆ ನಿಂತು ಆರಾಮಾಗಿ ಮಿಂದು, ಟವೆಲ್ ಸುತ್ತಿಕೊಂಡು, ಹಣೆಗೆ ವಿಭೂತಿ ಹಚ್ಚುತ್ತಿದ್ದೆ. ಬಾಗಿಲ ಸಂದಿಯಿಂದ ಒಳ್ಳೆಯ ವಾಸನೆ ಬಂತು. ಗುರುವಾರದ ವಾಸನೆ.

ಹೊರಗೆ ಬಂದು ನೋಡಿದರೆ ಕೋಣೆಯೇ ಕಾಣುತ್ತಿರಲಿಲ್ಲ. ಸಾಬರು ದಾರಿಯಲ್ಲಿ ಸೀಳಿದ್ದ ತಟ್ಟೆಗಳನ್ನು ಮುರಿದು ಸ್ಟೀಲ್ ತಟ್ಟೆಯಲ್ಲಿ ಉರಿ ಮಾಡಿ, ಅದರ ಮೇಲೆ ಲೋಬಾನ ಸುರಿದು, ಪೆಟ್ಟಿಗೆಯ ಬಾಯಿ ತೆರೆದು ಒಳಗೆ ಹೊಗೆ ಊದುತ್ತಿದ್ದರು. “ಬೂಷ್ಟಿಗೂ ಆಯ್ತು, ಗುರುವಾರಕ್ಕೂ ಆಯ್ತು” ಎಂದು ಹೊಗೆಯೊಳಗಿಂದ ಅವರ ಧ್ವನಿ ಬಂತು.

ನಾನು ಬೈಯಲು ಬಾಯಿ ತೆರೆದೆ. ನನಗಿಂತ ಮೊದಲು ಮಾಡಿಗೆ ಹಾಕಿದ್ದ ಹೊಗೆ ಹಿಡಿಯುವ ಯಂತ್ರ ಬಾಯಿ ತೆರೆಯಿತು. ಅಬ್ಬಬ್ಬಾ, ಆ ಕೂಗು! ಒಂದು ಕೋಣೆಯಲ್ಲಿ ಶುರುವಾದದ್ದು ಇಡೀ ಹೋಟೆಲಿಗೆ ಹಬ್ಬಿತು. ಕಾರಿಡಾರಿನಲ್ಲಿ ಜನ ಓಡತೊಡಗಿದರು. ನಾನು ಬಟ್ಟೆ ಹುಡುಕುವ ಮೊದಲೇ ಯಾರೋ ಬಾಗಿಲು ಬಡಿದು ನನ್ನನ್ನು ಹೊರಗೆಳೆದುಕೊಂಡರು. ಕೈಗೆ ಸಿಕ್ಕಿದ ಕಂಬಳಿ ಹೊದ್ದುಕೊಂಡು ಮೆಟ್ಟಿಲಿಳಿದೆ. ಸಾಬರು ಪಾಸ್‌ಪೋರ್ಟ್ ಬಿಟ್ಟರು, ದುಡ್ಡು ಬಿಟ್ಟರು, ತಟ್ಟೆಯ ಪೆಟ್ಟಿಗೆ ಮಾತ್ರ ಬಿಡಲಿಲ್ಲ.

ಹೋಟೆಲಿನ ಜನವೆಲ್ಲ ಹೊರಗೆ ಹಿಮದ ಮೇಲೆ ನಿಂತಿತ್ತು. ಊಟಕ್ಕೆ ಕೂತವರು, ಮಲಗಿದ್ದವರು, ಸ್ನಾನಕ್ಕಿಳಿದವರು, ಎಲ್ಲರೂ ಇದ್ದ ಹಾಗೆಯೇ ಬಂದಿದ್ದರು. ಮೈಮೇಲೆ ಕೋಟು ಹಾಕಿಕೊಂಡವರಿದ್ದರು, ಕಾಲಿಗೆ ಬೂಟು ಹಾಕಿಕೊಂಡವರು ಕಡಿಮೆ. ಕೆಲವರಿಗೆ ಕಾಲುಚೀಲ, ಹೆಚ್ಚಿನವರಿಗೆ ಹೋಟೆಲಿನವರು ಕೊಡುವ ಬಟ್ಟೆಯ ಚಪ್ಪಲಿ. ನನ್ನ ಬರಿಗಾಲಿಗೆ ಹಿಮ ತಾಗಿದಾಗ ಅಪ್ಪನ ಹೆಸರು ಅಜ್ಜನ ಹೆಸರು ಎಲ್ಲ ಬಾಯಿಗೆ ಬಂತು. ಎಲ್ಲರೂ ಒಂದು ಕಾಲು ಎತ್ತುವುದು, ಅದನ್ನು ಇಟ್ಟು ಇನ್ನೊಂದು ಎತ್ತುವುದು ಮಾಡುತ್ತಿದ್ದರು.

ಸುಮನಾ ಓಡಿಬಂದು ನನ್ನ ಕಂಬಳಿ ಜಗ್ಗಿದಳು. “ಮಾವ, ಅಲ್ಲಿ ಕೆಂಪು ಕೋಟು ಹಾಕ್ಕೊಂಡು ಕುಣೀತಿದಾರಲ್ಲ, ಅವ್ರೇ ಫ್ರಾಂಕಾ. ಅವ್ರೂ ಇದೇ ಹೋಟೆಲಲ್ಲಿ ಇರೋದು.”

ನಮ್ಮ ಯೂನಿಟ್ಟಿನ ಹಣೆಬರಹ ಬರೆಯಬೇಕಾದ ಹೆಂಗಸು ಬಾತ್‌ರೂಮ್ ಚಪ್ಪಲಿಯಲ್ಲಿ ಹಿಮದ ಮೇಲೆ ಕುಣಿಯುತ್ತಿದ್ದರು. ಪುಣ್ಯಕ್ಕೆ ಹೊಗೆ ಎಲ್ಲಿಂದ ಬಂತೆಂದು ಇನ್ನೂ ಯಾರಿಗೂ ತಿಳಿದಿರಲಿಲ್ಲ. ಸದ್ದಿಲ್ಲದೆ ಮರೆಯಲ್ಲಿ ನಿಂತುಬಿಡೋಣ ಎಂದು ಸಾಬರ ಕಡೆ ತಿರುಗಿದರೆ ಅವರು ಅಲ್ಲಿರಲೇ ಇಲ್ಲ.

ಪೆಟ್ಟಿಗೆಯನ್ನು ಹಿಮದ ಮೇಲಿಟ್ಟು, ತಟ್ಟೆ ತೆಗೆದು, ಒಬ್ಬೊಬ್ಬರ ಮುಂದೆ ಬಗ್ಗಿ ಎರಡೆರಡು ಹಾಸುತ್ತಿದ್ದರು. ಅಮೀರುನ್ನೀಸಾ ಒರೆಸಿಕೊಟ್ಟ ತಟ್ಟೆಗಳು. ನಾಹಿದಾ ಒಂದೊಂದನ್ನೂ ಬೆಳಕಿಗೆ ಹಿಡಿದು ಆರಿಸಿದ ತಟ್ಟೆಗಳು.

“ಸಾಬ್ರೇ! ಉಣ್ಣೋ ತಟ್ಟೆ ಅದು! ಕಾಲಡಿಗೆ ಹಾಕ್ತೀರಲ್ಲ, ಬುದ್ಧಿ ಇದೆಯೇನ್ರೀ?” ಎಂದು ಕಿರುಚಿದೆ.

ಅವರು ಬಗ್ಗಿದಲ್ಲಿಂದಲೇ ಮುಖವೆತ್ತಿದರು. “ಅನ್ನ ಇನ್ನೂ ಬಡಿಸಿಲ್ಲವಲ್ಲ ಸೋಮಣ್ಣ. ತೋಟದಲ್ಲಿ ಬಿದ್ದಾಗ ಈ ಹಾಳೆನ ತುಳೀದೇ ಇದ್ದೋರು ಯಾರಿದಾರೆ? ನನ್ನಿಂದ ಇವ್ರ ಕಾಲು ಸುಡ್ತಾ ಇದೆ, ನಾನು ಪೆಟ್ಟಿಗೆ ತಬ್ಬಿಕೊಂಡು ನಿಲ್ಲಲಾ? ನೀವೂ ಹತ್ತಿ ಮೊದ್ಲು” ಎಂದು ನನ್ನ ಮುಂದೆಯೂ ಎರಡು ಎಸೆದರು.

ಹತ್ತಿದೆ. ಏನು ಹೇಳಲಿ, ಹಾಳೆಯ ಮೇಲೆ ಕಾಲಿಟ್ಟ ಮೇಲೆ ಹೋದ ಜೀವ ಬಂದ ಹಾಗಾಯಿತು. ಕುಣಿಯುತ್ತಿದ್ದ ಜನವೆಲ್ಲ ಒಬ್ಬೊಬ್ಬರಾಗಿ ನೆಟ್ಟಗೆ ನಿಂತರು. ಕೂಸನ್ನೆತ್ತಿಕೊಂಡ ತಾಯಿ, ಬೆಳಿಗ್ಗೆ ಗಂಟೆ ಬಾರಿಸುತ್ತಿದ್ದ ಮುದುಕರಂಥವರು, ಜರ್ಸಿ ಹಾಕಿದ ಆಟಗಾರರು, ಎಲ್ಲರೂ ಬಾಳಗಡಿಯ ತಟ್ಟೆಯ ಮೇಲೆ. ಫ್ರಾಂಕಾ ಅವರ ಹತ್ತಿರ ಹೋದಾಗ ಸಾಬರು, ನಾನು ಹೇಳಿಕೊಟ್ಟ ಹಾಗೆ, ಸಲಾಂ ಹೇಳಿ ನಕ್ಕರು. ಆಕೆ ನಗಲಿಲ್ಲ, ಚಪ್ಪಲಿ ಬಿಟ್ಟು ತಟ್ಟೆ ಹತ್ತಿದರು. ಪೆಟ್ಟಿಗೆ ಖಾಲಿಯಾಯಿತು. ನಾಳೆಯ ಮೀಟಿಂಗಿಗೆ ತೋರಿಸಲು ಒಂದೇ ಒಂದು ಸ್ಯಾಂಪಲ್ ಉಳಿಯಲಿಲ್ಲ.

ಅಷ್ಟರಲ್ಲಿ ಬೆಂಕಿ ಆರಿಸುವವರು ಒಳಗೆ ಹೋಗಿ ಬಂದರು. ಅವರ ಮುಖ್ಯಸ್ಥ ನಮ್ಮ ಸ್ಟೀಲ್ ತಟ್ಟೆಯನ್ನು ಎತ್ತಿ ಹಿಡಿದು ಜೋರಾಗಿ ಏನೋ ಕೇಳಿದ. ಇದು ಯಾರದ್ದು ಎನ್ನುತ್ತಿದ್ದಾನೆಂದು ತಿಳಿಯಲು ಇಟಲಿ ಭಾಷೆ ಕಲಿಯಬೇಕಾಗಿರಲಿಲ್ಲ. ನಾನು ಕಂಬಳಿಯೊಳಗಿಂದ ಸಾಬರ ಕೈಯನ್ನು ಬಲವಾಗಿ ಹಿಡಿದುಕೊಂಡೆ. ಸುಮ್ಮನಿರಿ, ದೇವರಾಣೆ, ನಾಹಿದಾಳ ಮುಖ ನೋಡಿಯಾದರೂ ಸುಮ್ಮನಿರಿ ಎಂದೆ. ಆ ಹೆಸರು ಕೇಳಿ ಅವರು ಒಂದು ಗಳಿಗೆ ನಿಂತರು. ಆಮೇಲೆ ಕೈ ಬಿಡಿಸಿಕೊಂಡು ಮೇಲೆತ್ತಿದರು.

“ನಂದು” ಎಂದರು, ಕೊಪ್ಪದ ಕನ್ನಡದಲ್ಲೇ. “ಸುಮನಾ, ಹೇಳಮ್ಮ ಅವ್ರಿಗೆ. ಬೂಷ್ಟು ಬತ್ತದೆ ಅಂತ ಹೆದರಿ ಹೊಗೆ ಹಾಕ್ದೆ. ತಪ್ಪಾಯ್ತು. ಎಲ್ಲರ ಹತ್ರಾನೂ ಮಾಫಿ ಕೇಳ್ತೀನಿ ಅಂತ ಹೇಳು.”

ಸುಮನಾ ಹೇಳಿದಳು. ಅಲ್ಲಿ ಎದ್ದ ಗೊಣಗಾಟ ನನಗೆ ಚೆನ್ನಾಗಿಯೇ ಅರ್ಥವಾಯಿತು. ಫ್ರಾಂಕಾ ಮಾತ್ರ ತಮ್ಮ ಕಾಲಡಿಯ ತಟ್ಟೆಯನ್ನೂ ಸಾಬರನ್ನೂ ಒಂದು ಸಲ ನೋಡಿದರು, ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದರು.

ಮಾರನೇ ದಿನ ಹೋಟೆಲಿನವರು ಬೇರೆ ಜಾಗ ನೋಡಿಕೊಳ್ಳಿ ಎಂದರು. ಪೆಟ್ಟಿಗೆ ಪಟಾರಿ ಹೊತ್ತುಕೊಂಡೇ ಮೀಟಿಂಗಿಗೆ ಹೋದೆವು. ಫ್ರಾಂಕಾ ಮೇಜಿನ ಮೇಲೆ ತಾವು ಹಿಂದಿನ ದಿನ ನಿಂತಿದ್ದ ತಟ್ಟೆಗಳನ್ನು ಒಣಗಿಸಿ ಇಟ್ಟುಕೊಂಡಿದ್ದರು. ಒಂದನ್ನು ಬಗ್ಗಿಸಿ ನೋಡಿದರು, ಮೂಸಿ ನೋಡಿದರು. ಲೋಬಾನದ ವಾಸನೆಗೆ ಹುಬ್ಬೇರಿಸಿದರು. ಆಮೇಲೆ ಸುಮನಾಳ ಮೂಲಕ ಕೇಳಿದರು, ನಮ್ಮಲ್ಲಿ ಜನ ಬಿಸಿ ಸೂಪ್ ಇಟ್ಟುಕೊಂಡು ಬಹಳ ಹೊತ್ತು ಹರಟುತ್ತಾರೆ, ಇದು ತಡೆಯುತ್ತದೆಯೇ?

ನಾನು ಮೇಜಿನ ಕೆಳಗೆ ಸಾಬರ ಕಾಲು ತುಳಿದೆ. ಅವರು ನಗಲು ನೋಡಿದರು. ತುಟಿ ಅಗಲವಾಯಿತು, ಹಲ್ಲು ಕಂಡಿತು, ಕಣ್ಣಲ್ಲಿ ನೀರು ಬಂತು. ಕೊನೆಗೆ ತಡೆಯಲಾಗದೆ ತಲೆಯಾಡಿಸಿದರು. “ಇಲ್ಲಮ್ಮ. ಮೆತ್ತಗಾಗ್ತದೆ. ಬೇಗ ಉಣ್ಣೋರಿಗೆ ಮಾತ್ರ.”

ಫ್ರಾಂಕಾ ಎದ್ದು ನಮ್ಮಿಬ್ಬರ ಕೈ ಕುಲುಕಿದರು. ತಮ್ಮ ಕ್ಯಾಂಟೀನಿಗೆ ಇದು ಆಗುವುದಿಲ್ಲ, ನಿಜ ಹೇಳಿದ್ದಕ್ಕೆ ಉಪಕಾರವಾಯಿತು ಎಂದರು. ಅಲ್ಲಿಗೆ ಮುಗಿಯಿತು. ಸಮುದ್ರ ದಾಟಿ ಬಂದು, ಚಳಿಯಲ್ಲಿ ಸತ್ತು, ಟವೆಲಿನಲ್ಲಿ ಮಾನ ಕಳೆದುಕೊಂಡದ್ದಕ್ಕೆ ಸಿಕ್ಕಿದ್ದು ಒಂದು ಉಪಕಾರ!

ನಾನು ದಾರಿಯುದ್ದಕ್ಕೂ ಸಾಬರ ಜೊತೆ ಮಾತಾಡಲಿಲ್ಲ. ವಿಮಾನದಲ್ಲಿ ಅವರು ತಮ್ಮ ಪಾಲಿನ ಸಿಹಿಯನ್ನು ನನ್ನ ಕಡೆ ತಳ್ಳಿದರು, ನಾನು ವಾಪಸ್ಸು ತಳ್ಳಿದೆ. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಅಳು ಬರುತ್ತಿತ್ತು. ಬಾಳಗಡಿಯ ಶೆಡ್ಡು ಮುಂದೆ ಕಂಡಾಗ ಮಾತ್ರ ಬಾಯಿಬಿಟ್ಟೆ. “ಯೂನಿಟ್ ಮುಚ್ತೀವಿ ಅಂತ ಕೆಲಸದ ಹೆಂಗಸರಿಗೆ ನೀವೇ ಹೇಳಿ. ನಿಜ ಹೇಳೋದು ನಿಮಗೆ ಭಾರಿ ಇಷ್ಟ ಅಲ್ವಾ?”

ಸಾಬರು ಹೇಳಲಿಲ್ಲ. ಜಗತ್ತಿಗೆಲ್ಲ ದೋಷ ಹೇಳುವ ಮನುಷ್ಯ ದಿನಾ ಬಂದು ಕುರ್ಚಿಯಲ್ಲಿ ಕೂರುವುದು, ಮಿಷನ್ನಿನ ಕಡೆ ನೋಡುವುದು, ಎದ್ದು ಹೋಗುವುದು ಮಾಡಿದರು. ರಂಜಾನ್ ಶುರುವಾಗಿತ್ತು. ಉಪವಾಸದಿಂದ ಸೊರಗಿದ್ದಾರೆ ಎಂದು ಊರವರು ತಿಳಿದುಕೊಂಡರು, ನನಗೆ ಗೊತ್ತಿತ್ತು. ಹೆಂಗಸರೂ ಏನೂ ಕೇಳಲಿಲ್ಲ. ಲಕ್ಷ್ಮೀಶನೊಬ್ಬ ಮಾತ್ರ, “ಸೋಮಣ್ಣ, ಟವೆಲ್ ಓಟದಲ್ಲಿ ಮೆಡಲ್ ಬಂತಂತಲ್ಲ?” ಎಂದು ಕೇಳಿ ನನ್ನಿಂದ ಬೈಸಿಕೊಂಡ.

ಒಂದು ಶನಿವಾರ ಮಧ್ಯಾಹ್ನ ಸುಮನಾ ಫೋನ್ ಮಾಡಿದಳು. ಧ್ವನಿಯಲ್ಲಿ ಅವಸರವಿತ್ತು. ಫ್ರಾಂಕಾ ಆರ್ಡರ್ ಕಳಿಸಿದ್ದಾರೆ, ಉಣ್ಣುವುದಕ್ಕಲ್ಲ. ಆ ಬೆಟ್ಟದ ಊರುಗಳಲ್ಲಿ ಬಿಸಿನೀರಿನ ಕೊಳದಿಂದ ಎದ್ದು ಬರುವವರು, ಬೂಟು ಕಳಚಿ ನಿಂತು ಬಟ್ಟೆ ಬದಲಿಸುವವರು ಹಿಮದ ಮೇಲೆ ಕಾಲಿಡುವ ಹಾಗೆ ದಪ್ಪ ಹಾಳೆ ಬೇಕಂತೆ. ಸಾರು ಹಾಕುವ ಪ್ರಶ್ನೆಯಿಲ್ಲ, ಮೆತ್ತಗಾಗುವ ಪ್ರಶ್ನೆಯಿಲ್ಲ. ಮಳೆಗಾಲ ಮುಗಿಯುವ ತನಕ ಒತ್ತುವಷ್ಟು ಕೆಲಸ, ಮುಂದಿನ ವರ್ಷಕ್ಕೂ ಬೇಕಾಗುತ್ತದೆ. ಹೊಗೆಯ ವಾಸನೆ ಮಾತ್ರ ಬೇಡ ಎಂದು ಒತ್ತಿ ಹೇಳಿದ್ದಾರೆ.

ನಾನು ಕುಣಿಯಬೇಕಿತ್ತು. ಆದರೆ ಮನಸ್ಸು ಹಿಂದೇಟು ಹಾಕಿತು. ನಮ್ಮ ಹೆಂಗಸರು ಕೈತೊಳೆದು, ಬಿಸ್ಮಿಲ್ಲಾ ಹೇಳಿ ಮಿಷನ್ ಮುಟ್ಟುವವರು. ಯಾರದ್ದೋ ಊಟಕ್ಕೆ ಎಂದು ಒಂದು ಕಲೆ ಇದ್ದ ತಟ್ಟೆಯನ್ನೂ ಪಕ್ಕಕ್ಕೆ ಎಸೆಯುವವರು. ಅವರಿಗೆ ಹೋಗಿ, ಇನ್ನು ಮೇಲೆ ಕಾಲಡಿಗೆ ಒತ್ತಿ ಎನ್ನುವುದು ಹೇಗೆ? ಸಾಬರೂ ಅದನ್ನೇ ಯೋಚಿಸುತ್ತಿದ್ದರು. ಟೋಪಿ ತೆಗೆದು ಹಾಕಿಕೊಂಡು, ಒಳಗೆ ಹೋದರು. ನಾನು ಹಿಂದೆ ಹೋದೆ.

“ನಾಹಿದಾ, ಆರ್ಡರ್ ಬಂದಿದೆ. ಆದ್ರೆ ಅದ್ರಲ್ಲಿ ಒಂದು ದೋಷ ಇದೆ” ಎಂದರು.

“ಎಂತ ದೋಷ ಭಾಯ್?”

“ಅದು ಉಣ್ಣಕ್ಕಲ್ಲಮ್ಮ. ಅಲ್ಲಿಯೋರು ಹಿಮದಲ್ಲಿ ಕಾಲಡಿಗೆ ಹಾಕ್ಕೊಳ್ಳಕ್ಕೆ. ನಿಮಗೆ ಮನಸ್ಸು ಒಪ್ಪದಿದ್ರೆ ಬೇಡ ಅಂತೀನಿ. ಒಪ್ಪಿದ್ರೆ ಮಳೆಗಾಲ ಪೂರ್ತಿ ಕೆಲಸ ಇದೆ. ಮುಂದಿನ ವರ್ಷಾನೂ.”

ನಾಹಿದಾ ಮಿಷನ್ನಿನ ಸ್ವಿಚ್ಚು ಆರಿಸಿದಳು. ತಟ್ಟೆಯ ಅಂಚು ಕತ್ತರಿಸುತ್ತಿದ್ದ ಆಸಿಫಾ ಕೈ ನಿಲ್ಲಿಸಿದಳು. ನಾಹಿದಾ ಹಾಳೆಯ ಕಟ್ಟಿನ ಮೇಲೆ ಮೆಲ್ಲಗೆ ಕೂತು ದುಪಟ್ಟಾವನ್ನು ಮುಖಕ್ಕೆ ಒತ್ತಿಕೊಂಡಳು. ಭುಜ ಅಲುಗುತ್ತಿತ್ತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ದುಪಟ್ಟಾ ತೆಗೆದಾಗ ಎರಡೂ ಇತ್ತು.

“ಭಾಯ್, ನೀವು ಬಂದ ದಿನವೇ ನಿಮ್ಮ ಮುಖ ನೋಡಿ ನಮಗೆ ಗೊತ್ತಾಗಿತ್ತು. ನಾನು ಜೀಪಿನ ಬೂತಪ್ಪಣ್ಣನಿಗೆ ಸೋಮವಾರದಿಂದ ಎಸ್ಟೇಟಿಗೆ ಬತ್ತೀನಿ ಅಂತ ಹೇಳಿಬಿಟ್ಟಿದ್ದೆ. ನಿಮಗೆ ಹೇಳೋ ಧೈರ್ಯ ಇರ್ಲಿಲ್ಲ.”

ಸಾಬರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. “ಉಪವಾಸ ಹಿಡ್ಕೊಂಡು, ಆ ಮೊಣಕಾಲಲ್ಲಿ, ಆ ಗುಡ್ಡ…” ಎಂದು ಟೋಪಿಯಿಂದ ಮುಖ ಒರೆಸಿಕೊಂಡರು. ನಾನು ಕಣ್ಣಿಗೆ ಹಾಳೆಯ ದೂಳು ಹೋಯಿತೆಂದು ಗೋಡೆಯ ಕಡೆ ತಿರುಗಿದೆ.

ನಾಹಿದಾ ಮೂಗೊರೆಸಿಕೊಂಡು ಫೋನ್ ತೆಗೆದಳು.

“ಬೂತಪ್ಪಣ್ಣ, ಸೋಮವಾರ ಮಸೀದಿ ಹತ್ರ ಜೀಪ್ ನಿಲ್ಲಿಸ್ಬೇಡಿ. ನಾನು ಬರಲ್ಲ… ಇಲ್ಲಣ್ಣ, ಮೊಣಕಾಲು ಹಂಗೇ ಇದೆ. ಇಲ್ಲೇ ಕೆಲಸ ಇದೆ, ಬಾಳಗಡೀಲಿ… ಎಂತದೂ ಇಲ್ಲ, ಫಾರಿನ್ನಿನವರ ಕಾಲು ತಣ್ಣಗಾಗ್ತದಂತೆ, ಅದಕ್ಕೆ… ಅಯ್ಯ, ನಗಬೇಡಿ ಬೂತಪ್ಪಣ್ಣ, ನಿಮಗೂ ಒಂದು ಜೊತೆ ಒತ್ತಿ ಕೊಡ್ತೀನಿ” ಎಂದು ಫೋನ್ ಇಟ್ಟು, ಕೈತೊಳೆಯಲು ಎದ್ದಳು.